ಮಾಡಿಸುವವರ ಶಿಕ್ಷಣ



ಕೆಲಸ ಮಾಡುವದು ಒಂದು ವಿದ್ಯೆ; ಕೆಲಸ ಮಾಡಿಸುವದು ಇನ್ನೊಂದು ವಿದ್ಯೆ. ಮೊದಲನೆಯದು ಬಂದವನಿಗೆ ಎರಡನೆಯದು ತಾನಾಗಿಯೇ ಬರುವದೆಂದು ಲೋಕವು ಬಹುಕಾಲ ನಂಬಿತ್ತು. ಆದುದರಿಂದಲೇ ಕುಶಲನಾದ ಕೆಲಸಗಾರನನ್ನು ಮೇಸ್ತ್ರಿಯ ಪದವಿಗೇರಿಸಿ, ಹತ್ತಾರು ಜನರನ್ನು ಅವನ ಕೈಗೊಪ್ಪಿಸಿ, ಅವರು ತಪ್ಪಿದಾಗ ಅವರನ್ನೇ ಮಂದಮತಿಗಳೆಂದು ಹಳಿಯುವದು ವಾಡಿಕೆಯಾಗಿತ್ತು. ಈ ನಂಬಿಕೆಯ ಪೊಳ್ಳುತನವು ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೇರಿಕೆಯ ಕಾರಖಾನೆಗಳಲ್ಲಿ ಬಯಲಿಗೆ ಬಂದಿತು.

1940ರಲ್ಲಿ ಆ ದೇಶದೊಳಗೆ ಯುದ್ಧಸಾಮಗ್ರಿಯ ಬೇಡಿಕೆಯು ಏರತೊಡಗಿತು. ನುರಿತ ಕೈಗಳು ಸಾಲದಾದವು. ಮುಂದೆ ತರುಣರು ಸೈನ್ಯಕ್ಕೆ ಹೋಗಲು, ಕಾರಖಾನೆಯ ಬಾಗಿಲನ್ನೇ ಕಾಣದಿದ್ದ ಸ್ತ್ರೀಯರೂ ಒಕ್ಕಲುಮಕ್ಕಳೂ ಯಂತ್ರಗಳೆದುರಿಗೆ ಬಂದು ನಿಂತರು. ತಿಳಿಯದೆ ಮಾಡಿದ ಒಂದು ತಪ್ಪಿಗೆ ಕೈಬೆರಳನ್ನೇ ತೆರಬೇಕಾಗುವ ಸ್ಥಳವದು. 1940ರಲ್ಲಿಯೇ ಅಲ್ಲಿಯ ಸರಕಾರವು 'ಟ್ರೇನಿಂಗ್ ವಿದಿನ್ ಇಂಡಸ್ಟ್ರಿ' ಎಂಬ ಶಾಖೆಯನ್ನು ಸ್ಥಾಪಿಸಿತು. ಅದು ವಿಶೇಷವಾಗಿ ಪಾಠ ಹೇಳಿದ್ದು ಹೊಸ ಕೆಲಸಗಾರರಿಗಲ್ಲ, ಅವರ ಮೇಲ್ವಿಚಾರಕರಿಗೆ. ಹತ್ತು ಜನರ ಗುಂಪು. ಎರಡೆರಡು ತಾಸಿನ ಐದು ಬೈಠಕುಗಳು. ಕಲಿಸುವದು, ಜನರೊಡನೆ ನಡೆದುಕೊಳ್ಳುವದು, ಕೆಲಸದ ಕ್ರಮವನ್ನು ತಿದ್ದುವದು ಎಂದು ಮೂರು ಮುಖ್ಯ ಪಾಠಗಳು.

ಮೊದಲನೆಯ ಪಾಠದಲ್ಲಿ ಒಂದು ಗಂಟಿನ ಪ್ರಯೋಗವಿರುತ್ತಿತ್ತು. ವಿದ್ಯುದ್ದೀಪದ ತಂತಿಗೆ ಹಾಕುವ ಗಂಟನ್ನು ಶಿಕ್ಷಕನು ಬಾಯಿಂದ ಮಾತ್ರ ವರ್ಣಿಸುವನು. ಕೇಳಿದವನಿಗೆ ಗಂಟು ಬೀಳದು. ಬಳಿಕ ಮಾತಿಲ್ಲದೆ ಮಾಡಿ ತೋರಿಸುವನು, ನೋಡಿದವನಿಗೂ ಬಾರದು. ಕಡೆಗೆ ಒಂದೊಂದೇ ಹೆಜ್ಜೆಯನ್ನು ತೋರಿಸಿ, ಅದರ ಮರ್ಮವನ್ನೂ ಕಾರಣವನ್ನೂ ಹೇಳಿ, ಕಲಿಯುವವನಿಂದಲೇ ಮಾಡಿಸಿ, ಅವನ ಬಾಯಿಂದಲೇ ವಿವರಿಸಲು ಹಚ್ಚುವನು. ಆಗ ಗಂಟು ಬಿಗಿಯಾಗಿ ಕೂಡುವದು. ವರ್ಷಗಟ್ಟಲೆ ಗದರುತ್ತ ಬಂದ ಮೇಸ್ತ್ರಿಗೆ ಆ ಕ್ಷಣದಲ್ಲಿ ಹೊಳೆಯಬೇಕಾದುದು ಒಂದೇ: ಕಲಿಯದವನ ಸೋಲು ಮೊದಲು ಕಲಿಸಿದವನ ಸೋಲು.

ಎರಡನೆಯ ಪಾಠವೂ ಇಷ್ಟೇ ಸರಳ. ಕೆಲಸ ಹೇಗೆ ನಡೆದಿದೆಯೆಂಬುದನ್ನು ಮಾಡುವವನಿಗೆ ತಿಳಿಸಬೇಕು. ಒಳ್ಳೆಯದಕ್ಕೆ ಹೊತ್ತಿಗೆ ಸರಿಯಾಗಿ ಮೆಚ್ಚುನುಡಿ ಸಲ್ಲಬೇಕು. ಅವನಿಗೆ ತಟ್ಟುವ ಬದಲಾವಣೆಯನ್ನು ಮುಂಚಿತವಾಗಿ ಹೇಳಬೇಕು. ಅವನ ಶಕ್ತಿಗೆ ತಕ್ಕ ಎಡೆ ದೊರೆಯಬೇಕು. ತಂಟೆ ಹುಟ್ಟಿದರೆ ಸಂಗತಿಯನ್ನೆಲ್ಲ ಅರಿತ ಮೇಲೆಯೇ ತೀರ್ಪು ಕೊಡಬೇಕು. ಮೂರನೆಯ ಪಾಠವು ಪ್ರತಿಯೊಂದು ಕೆಲಸವನ್ನು ಬಿಡಿಬಿಡಿಯಾಗಿ ಒಡೆದು, ಇದು ಏತಕ್ಕೆ, ಎಲ್ಲಿ, ಯಾವಾಗ, ಯಾರಿಂದ, ಹೇಗೆ ಎಂದು ಪ್ರಶ್ನಿಸಲು ಕಲಿಸಿತು. ಹೆಚ್ಚು ಬೆವರು ಸುರಿಸದೆ ಹೆಚ್ಚು ಫಲ ಪಡೆಯುವ ದಾರಿಯದು.

1945ರಲ್ಲಿ ಆ ಶಾಖೆಯು ಮುಚ್ಚುವ ಹೊತ್ತಿಗೆ 16 ಸಾವಿರಕ್ಕೂ ಮಿಕ್ಕ ಕಾರಖಾನೆಗಳಲ್ಲಿ 16 ಲಕ್ಷಕ್ಕಿಂತ ಹೆಚ್ಚು ಜನರು ಪ್ರಮಾಣಪತ್ರ ಪಡೆದಿದ್ದರು. ಯುದ್ಧದಲ್ಲಿ ಸೋತು ನೆಲಕಚ್ಚಿದ್ದ ಜಪಾನವು ಮುಂದೆ ಇದೇ ಪಾಠವನ್ನು ಕೈಗೆತ್ತಿಕೊಂಡಿತು. 1950ರ ದಶಕದಲ್ಲಿ ಟೊಯೋಟಾ ಕಾರಖಾನೆಯು ಅದನ್ನು ತನ್ನದಾಗಿಸಿಕೊಂಡಿತು. ಹುಟ್ಟಿದ ನಾಡು ಬಹುಮಟ್ಟಿಗೆ ಮರೆತ ವಿದ್ಯೆಯನ್ನು ಸೋತ ನಾಡು ಸಾಕಿ ಬೆಳೆಸಿತು.

ಮಹಾಶಯರೇ, ಯಂತ್ರಗಳು ಬದಲಾಗುವವು. ಮನುಷ್ಯನ ಮನಸ್ಸು ಅಷ್ಟು ಬೇಗ ಬದಲಾಗದು. ಅಂಗಡಿಯಿರಲಿ, ಶಾಲೆಯಿರಲಿ, ಕಾರಖಾನೆಯಿರಲಿ, ನಾಲ್ಕು ಜನರ ಮೇಲೆ ಅಧಿಕಾರವುಳ್ಳವನು "ಇವನಿಗೆ ತಿಳಿಯದು" ಎನ್ನುವ ಮುನ್ನ "ನಾನು ತಿಳಿಸಿದೆನೆ?" ಎಂದು ತನ್ನನ್ನು ಕೇಳಿಕೊಳ್ಳಲಿ. ಆ ಒಂದು ಪ್ರಶ್ನೆಯಿಂದ ಒಬ್ಬನ ಮಾನವೂ ಉಳಿಯುವದು, ಕೆಲವೊಮ್ಮೆ ಅವನ ಕೈಯೂ ಉಳಿಯುವದು.