ಬಯಲಿಗೆ ಒಯ್ಯುವ ಬಣ್ಣದ ಪೆಟ್ಟಿಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ನಮ್ಮ ನಿಧಿಯಿಂದ ಶಾಲೆಯ ಚಿತ್ರಕಲಾ ಕೊಠಡಿಗೆ ಜಲವರ್ಣದ ಪೆಟ್ಟಿಗೆಗಳನ್ನು ಕೊಡಿಸಬೇಕೆಂದು ತೀರ್ಮಾನವಾಗಿದೆ. ಎಂಥವನ್ನು ಕೊಳ್ಳಬೇಕೆಂದು ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಓದಿದ್ದು ಬಿ.ಇ., ಹೊಟ್ಟೆಪಾಡು ಸಾಫ್ಟ್‌ವೇರ್. ರಜೆಯ ದಿನ ಕೆರೆ ಏರಿಯ ಮೇಲೋ ಸಂತೆಯ ಬದಿಯಲ್ಲೋ ಕೂತು ಬಣ್ಣ ಹಚ್ಚುವುದು ಹವ್ಯಾಸ. ವಿಷಯ ಸಣ್ಣದೆನ್ನಿಸಬಹುದು. ಆದರೆ ನಾವು ಕೊಡುವ ಪೆಟ್ಟಿಗೆ ಒಂದೇ ವರ್ಷಕ್ಕೆ ಬೀರುವಿನ ಮೂಲೆ ಸೇರುತ್ತದೋ, ಹತ್ತು ಬ್ಯಾಚಿನ ಮಕ್ಕಳಿಗೆ ಒದಗುತ್ತದೋ ಎಂಬುದು ಈ ಆಯ್ಕೆಯ ಮೇಲೇ ನಿಂತಿದೆ.

ಬಯಲಲ್ಲಿ ಮೇಜಿರುವುದಿಲ್ಲ. ಎಡಗೈಯಲ್ಲಿ ಪೆಟ್ಟಿಗೆ, ಬಲಗೈಯಲ್ಲಿ ಕುಂಚ, ತೊಡೆಯ ಮೇಲೆ ಕಾಗದ. ಆದ್ದರಿಂದ ಪೆಟ್ಟಿಗೆ ಅಂಗೈ ಅಗಲ ಮೀರಬಾರದು, ಹಗುರವಾಗಿರಬೇಕು. ಅದರ ಮುಚ್ಚಳವೇ ಬಣ್ಣ ಕಲಸುವ ತಟ್ಟೆ. ಮುಚ್ಚಳದ ಒಳಮೈ ಬಿಳಿಯಾಗಿರಲೇಬೇಕು. ಜಲವರ್ಣ ಪಾರದರ್ಶಕ, ಬಿಳಿಯ ಮೇಲೆ ಕಲಸಿದರೆ ಮಾತ್ರ ಅದು ಕಾಗದದ ಮೇಲೆ ಹೇಗೆ ಕಾಣುತ್ತದೆಂದು ಮೊದಲೇ ತಿಳಿಯುತ್ತದೆ.

ತಗಡೋ ಪ್ಲಾಸ್ಟಿಕ್ಕೋ? ಪ್ಲಾಸ್ಟಿಕ್ ಅಗ್ಗ, ತುಕ್ಕು ಹಿಡಿಯದು. ಆದರೆ ಕೀಲು ಬೇಗ ಮುರಿಯುತ್ತದೆ, ಹೊಸತರಲ್ಲಿ ನೀರು ಹನಿಹನಿಯಾಗಿ ಜಾರುತ್ತದೆ. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಆ ಜಾರಿಕೆ ಕಡಿಮೆಯಾಗುತ್ತದೆ. ಬಿಳಿ ಎನಾಮೆಲ್ ಬಳಿದ ತಗಡಿನ ಪೆಟ್ಟಿಗೆ ಬಿದ್ದರೆ ನೆಗ್ಗುತ್ತದೆ, ಮುರಿಯುವುದಿಲ್ಲ. ಎನಾಮೆಲ್ ಕಿತ್ತಲ್ಲಿ ತುಕ್ಕು ಬಾರದಂತೆ ನೋಡಿಕೊಳ್ಳಬೇಕು. ಶಾಲೆಯ ಕೈಬಳಕೆಗೆ ನನ್ನ ಮತ ತಗಡಿಗೆ.

ಇನ್ನು ಮುಖ್ಯವಾದ ಮಾತು. ಬಣ್ಣದ ಬಿಲ್ಲೆಗಳನ್ನು ಅಂಟಿಸಿಯೇ ಮಾರುವ ಪೆಟ್ಟಿಗೆಯಲ್ಲಿ ನೀಲಿ, ಹಳದಿ ಮೊದಲು ಖಾಲಿಯಾಗುತ್ತವೆ, ಕಪ್ಪು ಹಾಗೇ ಉಳಿಯುತ್ತದೆ. ಎರಡು ಬಣ್ಣ ಮುಗಿದರೆ ಇಡೀ ಪೆಟ್ಟಿಗೆಯೇ ಮೂಲೆಗೆ. ಅದರ ಬದಲು ಬಿಡಿ ಬಟ್ಟಲುಗಳನ್ನು ತೆಗೆದು ಹಾಕುವಂತಹ ಖಾಲಿ ಪೆಟ್ಟಿಗೆ ಕೊಳ್ಳೋಣ. ಹಾಫ್ ಪ್ಯಾನ್ ಎನ್ನುವ ಈ ಬಟ್ಟಲು ಸುಮಾರು 19 ಮಿ.ಮೀ. ಉದ್ದ, 16 ಮಿ.ಮೀ. ಅಗಲ. ಟ್ಯೂಬಿನ ಬಣ್ಣವನ್ನು ಅದಕ್ಕೆ ಅರ್ಧ ತುಂಬಿ, ಒಣಗಿ ಕುಗ್ಗಿದ ಮೇಲೆ ಇನ್ನರ್ಧ ತುಂಬಬೇಕು. ಮುಗಿದ ಬಣ್ಣವನ್ನಷ್ಟೇ ಮತ್ತೆ ಕೊಂಡರಾಯಿತು. ಸಾಫ್ಟ್‌ವೇರ್ ಒಪ್ಪಿಸುವಾಗ ನಾವು ಕೇಳಿಕೊಳ್ಳುವ ಪ್ರಶ್ನೆಯೂ ಇದೇ: ನಾವು ಹೋದ ಮೇಲೆ ಇದನ್ನು ನಡೆಸಿಕೊಂಡು ಹೋಗುವುದು ಸುಲಭವೇ?

ಎಷ್ಟು ಬಣ್ಣ ಬೇಕು? ಇಪ್ಪತ್ತನಾಲ್ಕು ಬೇಡ, ಏಳು ಸಾಕು: ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ವರ್ಮಿಲಿಯನ್, ಕ್ರಿಮ್ಸನ್, ಅಲ್ಟ್ರಾಮರೀನ್, ಪ್ರಷ್ಯನ್ ಬ್ಲೂ, ಬರ್ನ್ಟ್ ಸಿಯೆನ್ನಾ. ಪ್ರಷ್ಯನ್ ನೀಲಿಗೆ ಲೆಮನ್ ಹಳದಿ ಬೆರೆಸಿದರೆ ನಾಟಿ ಮಾಡಿದ ಗದ್ದೆಯ ಹಸಿರು. ಅಲ್ಟ್ರಾಮರೀನಿಗೆ ಸಿಯೆನ್ನಾ ಬೆರೆಸಿದರೆ ಮಳೆಮೋಡದ ಬೂದು. ಗಟ್ಟಿಯಾಗಿ ಕಲಸಿದರೆ ಹೆಂಚಿನ ಮಾಡಿನ ಕೆಳಗಿನ ಕತ್ತಲು. ಬಣ್ಣ ಕಡಿಮೆಯಿದ್ದಾಗಲೇ ಬೆರೆಸುವುದು ಕಲಿಯುತ್ತೇವೆ.

ಮಕ್ಕಳೇ, ಪೆಟ್ಟಿಗೆ ಕೊಳ್ಳಲು ಮನೆಯಲ್ಲಿ ದುಡ್ಡಿಲ್ಲ ಎಂದು ಯಾರೂ ಹಿಂಜರಿಯಬೇಡಿ. ಇಂಗ್ಲೆಂಡಿನ ದೊಡ್ಡ ಕಲಾವಿದ ಟರ್ನರ್ ಹಳೆಯ ಪಂಚಾಂಗದ ಚರ್ಮದ ರಟ್ಟಿನಲ್ಲಿ ಬಣ್ಣದ ಬಿಲ್ಲೆಗಳನ್ನಿಟ್ಟುಕೊಂಡು ಪ್ರವಾಸದಲ್ಲಿ ಬಳಸುತ್ತಿದ್ದ. ನಿಮ್ಮ ಹತ್ತಿರ ಹಳೆಯ ಜಾಮಿಟ್ರಿ ಬಾಕ್ಸ್ ಇದೆ. ಮುಚ್ಚಳದ ಒಳಗೆ ಬಿಳಿ ಎನಾಮೆಲ್ ಪೇಂಟ್ ಬಳಿಯಿರಿ. ಎತ್ತರ ಕಡಿಮೆಯಿರುವ ಬಾಟಲಿ ಮುಚ್ಚಳಗಳನ್ನು ಎರಡು ಬದಿಯ ಅಂಟುಪಟ್ಟಿಯಿಂದ ಕೂರಿಸಿ, ಬಣ್ಣ ತುಂಬಿ. ಪೆಟ್ಟಿಗೆ ಮುಚ್ಚುತ್ತದೆಯೇ ಎಂದು ಅಂಟಿಸುವ ಮೊದಲೇ ನೋಡಿಕೊಳ್ಳಿ. ಮಳೆಗಾಲದಲ್ಲಿ ಕೆಲಸ ಮುಗಿದ ಮೇಲೆ ತೆರೆದಿಟ್ಟು ಒಣಗಿಸಿಯೇ ಮುಚ್ಚಿ. ಇಲ್ಲದಿದ್ದರೆ ಬಣ್ಣದ ಮೇಲೆ ಬೂಷ್ಟು ಬೆಳೆಯುತ್ತದೆ.

ಪೆಟ್ಟಿಗೆಯಲ್ಲಿ ಉಳಿಸಿದ ಹಣ ಕಾಗದಕ್ಕೆ ಹೋಗಲಿ. ತೆಳು ಡ್ರಾಯಿಂಗ್ ಹಾಳೆ ನೀರು ಬಿದ್ದೊಡನೆ ಸುಕ್ಕಾಗುತ್ತದೆ. 300 ಜಿಎಸ್ಎಂ ಕಾಗದ ತಡೆದುಕೊಳ್ಳುತ್ತದೆ. ದೊಡ್ಡ ಹಾಳೆ ತಂದು ಅಂಚೆ ಕಾರ್ಡಿನ ಅಳತೆಗೆ ಕತ್ತರಿಸಿದರೆ ಒಂದು ತರಗತಿಗೇ ಆಗುತ್ತದೆ. ಜೊತೆಗೆ ತುದಿ ಚೂಪಾಗಿ ನಿಲ್ಲುವ 8ನೇ ನಂಬರಿನ ಒಂದು ದುಂಡು ಕುಂಚ, ಒಂದು ನೀರಿನ ಬಾಟಲಿ, ಒಂದು ಹಳೆ ಬಟ್ಟೆ. ಇಷ್ಟೇ ಸರಂಜಾಮು.

ನಮ್ಮ ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲ್ ಬೆಟ್ಟಗಳ ಮಂಜು ಬಿಸಿಲುಗಳನ್ನು ಜಲವರ್ಣದಲ್ಲೇ ಹಿಡಿದಿಟ್ಟರು. ಬೆಂಗಳೂರಿಗೆ ಹೋದಾಗ ಅವರ ಹೆಸರಿನ ಗ್ಯಾಲರಿಯ ಬಗ್ಗೆ ವಿಚಾರಿಸಿ, ಆ ಚಿತ್ರಗಳನ್ನು ನೋಡಿ ಬನ್ನಿ. ನಮ್ಮೂರ ಕೆರೆ, ಗುಡ್ಡ, ಬಸ್ ಸ್ಟ್ಯಾಂಡುಗಳೂ ಹಾಗೆ ನೋಡುವ ಕಣ್ಣಿಗಾಗಿ ಕಾದಿವೆ.

ಕೊನೆಯದಾಗಿ ಹಿರಿಯರಲ್ಲಿ ಎರಡು ವಿನಂತಿ. ಪ್ರತಿ ಜೂನ್ ತಿಂಗಳಲ್ಲಿ ಮುಗಿದ ಟ್ಯೂಬುಗಳನ್ನು ತುಂಬಿಕೊಡುವ ಹೊಣೆಯನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಸರದಿಯಂತೆ ಹೊರೋಣ. ಹಾಗೆಯೇ, ಈ ಪೆಟ್ಟಿಗೆಗಳನ್ನು ವಾರಾಂತ್ಯಕ್ಕೆ ಮಕ್ಕಳು ಮನೆಗೆ ಒಯ್ಯಲು ಬಿಡಬೇಕು. ಒಂದೆರಡು ನೆಗ್ಗಬಹುದು, ಒಂದೆರಡು ಕಳೆಯಲೂಬಹುದು. ಹೊಸದರಂತೆ ಹೊಳೆಯುತ್ತ ಬೀರುವಿನಲ್ಲೇ ಕೂರುವುದಕ್ಕಿಂತ ಅದು ಎಷ್ಟೋ ಮೇಲು.