‘ಪ್ರಿನ್ಸಿಪಲ್ ಕಲೆಕ್ಟರ್’ ಎಂಬ ಪದವಿ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕೆಲವು ದಿನಗಳ ಹಿಂದೆ ಮೇಲ್ತರಗತಿಯ ಮಕ್ಕಳನ್ನು ನಾನೊಂದು ಪ್ರಶ್ನೆ ಕೇಳಿದೆನು: “ಮನ್ರೋ ಎಂಬವನು ಯಾರು?” ಇಡೀ ತರಗತಿಯು ಒಂದೇ ಕಂಠದಿಂದ, “ಬಳ್ಳಾರಿಯ ಕಲೆಕ್ಟರ್ ಸರ್ ಥಾಮಸ್ ಮನ್ರೋ” ಎಂದಿತು. ನಮ್ಮ ಆದವಾನಿ ಸೀಮೆಯ ಮಕ್ಕಳಿಗೆ ಈ ಉತ್ತರವನ್ನು ಯಾರೂ ಕಲಿಸಬೇಕಾಗಿಲ್ಲ. ಮಂಚಾಲೆಯ ಇನಾಮು ಭೂಮಿಯ ವಿಚಾರಣೆಗೆಂದು ಬಂದ ದೊರೆಯು ಶ್ರೀ ರಾಘವೇಂದ್ರಸ್ವಾಮಿಗಳ ಬೃಂದಾವನದ ಮುಂದೆ ನಿಂತು ಅವರೊಡನೆ ಮಾತನಾಡಿದನೆಂಬ ಕಥೆಯನ್ನು ಅಜ್ಜಿಯರ ಬಾಯಿಂದ ಕೇಳಿಯೇ ಅವರು ಬೆಳೆದಿದ್ದಾರೆ. ಆ ಕಥೆ ಭಕ್ತರ ಸೊತ್ತು. ಅದನ್ನು ಮುಟ್ಟುವ ಉದ್ದೇಶ ನನಗಿಲ್ಲ. ಮಕ್ಕಳ ಉತ್ತರದಲ್ಲಿದ್ದ ಪದವಿಯ ವಿಷಯವಾಗಿ ಮಾತ್ರ ಎರಡು ಮಾತು ಹೇಳಬೇಕೆಂದಿದ್ದೇನೆ. ಏಕೆಂದರೆ ಮನ್ರೋ ಬಳ್ಳಾರಿಯ ಕಲೆಕ್ಟರನಾಗಿರಲೇ ಇಲ್ಲ.

1800ನೆಯ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮನು, ಕಂಪೆನಿಯ ಸೈನ್ಯದ ವೆಚ್ಚಕ್ಕೆ ಬದಲಾಗಿ, ನಮ್ಮ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಬಳ್ಳಾರಿ, ಅನಂತಪುರ, ಕಡಪ, ಕರ್ನೂಲಿನ ಒಂದಷ್ಟು ಭಾಗ ಇವೆಲ್ಲವೂ ಸೇರಿದ ಆ ದೊಡ್ಡ ಪ್ರದೇಶಕ್ಕೆ ದತ್ತಮಂಡಲಗಳೆಂದು ಹೆಸರಾಯಿತು. ಅದರ ಆಡಳಿತಕ್ಕೆ ಮೇಜರ್ ಮನ್ರೋನನ್ನು ಕನ್ನಡ ಜಿಲ್ಲೆಯಿಂದ, ಎಂದರೆ ಕರಾವಳಿಯಿಂದ, ಕರೆಸಿದರು. ಅವನ ಮುಖ್ಯಸ್ಥಳವು ಅನಂತಪುರ. ಬಳ್ಳಾರಿ ಎಂಬ ಪ್ರತ್ಯೇಕ ಜಿಲ್ಲೆ ಆದುದು 1808ರಲ್ಲಿ. ಆ ವೇಳೆಗೆ ಅವನು ಸ್ವದೇಶಕ್ಕೆ ಹೊರಟುಹೋಗಿದ್ದನು. ‘ಸರ್’ ಎಂಬ ಬಿರುದು ಕೂಡ ಬಂದುದು 1819ರಲ್ಲಿ. ನಮ್ಮಲ್ಲಿದ್ದಾಗ ಅವನಿಗಿದ್ದ ಪದವಿ ‘ದತ್ತಮಂಡಲಗಳ ಪ್ರಿನ್ಸಿಪಲ್ ಕಲೆಕ್ಟರ್’ ಎಂಬುದು.

ಪ್ರಿನ್ಸಿಪಲ್ ಎಂದೊಡನೆ ಮಕ್ಕಳಿಗೆ ಕಾಲೇಜಿನ ಪ್ರಿನ್ಸಿಪಾಲರು ನೆನಪಾಗಬಹುದು. ಶಬ್ದ ಅದೇ, ಅರ್ಥ ಪ್ರಧಾನ, ಮುಖ್ಯ. ಆದರೆ ಇದು ಬರಿಯ ಅಲಂಕಾರದ ವಿಶೇಷಣವಲ್ಲ. ಸಾಧಾರಣ ಕಲೆಕ್ಟರನು ಒಂದು ಜಿಲ್ಲೆಯನ್ನು ನೋಡಿಕೊಳ್ಳುತ್ತಿದ್ದನು. ಮನ್ರೋವಿನ ಸೀಮೆಯು ಒಬ್ಬನ ಕೈಗೆ ಮೀರಿದ್ದು; ಆದುದರಿಂದ ಅದನ್ನು ವಿಭಾಗಗಳಾಗಿ ಮಾಡಿ ಅವನ ಕೈಕೆಳಗೆ ನಾಲ್ವರು ಅಧೀನ ಕಲೆಕ್ಟರರನ್ನಿಟ್ಟರು. ಕಲೆಕ್ಟರರ ಮೇಲೊಬ್ಬ ಕಲೆಕ್ಟರ್ ಇದ್ದುದರಿಂದ ಅವನು ‘ಪ್ರಿನ್ಸಿಪಲ್’ ಆದನು. ನಮ್ಮ ಆದವಾನಿಯೂ ಆ ವಿಭಾಗಗಳಲ್ಲೊಂದು. ಇಂದು ನಮ್ಮೂರಿನ ಸಬ್ ಕಲೆಕ್ಟರ್ ಕಚೇರಿಯ ಮುಂದೆ ಹಾದುಹೋಗುವಾಗ, ಆ ‘ಸಬ್’ ಎಂಬ ಶಬ್ದದ ಹಿಂದೆ ಇಂತಹದೊಂದು ಹಳೆಯ ಏರ್ಪಾಟಿದೆಯೆಂಬುದನ್ನು ಮಕ್ಕಳು ನೆನೆಯಬಹುದು.

ಈ ಪದವಿಯ ಇನ್ನೊಬ್ಬನನ್ನು ಕನ್ನಡಿಗರೆಲ್ಲರೂ ಬಲ್ಲರು, ಪದವಿಯನ್ನು ಮಾತ್ರ ಮರೆತಿದ್ದಾರೆ. 1824ನೆಯ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನ ಸೈನ್ಯದೊಡನೆ ಕಾದು ಸತ್ತ ಥ್ಯಾಕರೆಯು ಧಾರವಾಡದ ಪ್ರಿನ್ಸಿಪಲ್ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದನು. ಮನ್ರೋವಿನ ನಾಲ್ವರು ಅಧೀನರಲ್ಲೊಬ್ಬನಾದ ವಿಲಿಯಂ ಥ್ಯಾಕರೆ ಇವನ ಅಣ್ಣ.

ಜಿಲ್ಲೆಗಳು ಚಿಕ್ಕವಾದಂತೆ ‘ಪ್ರಿನ್ಸಿಪಲ್’ ಉದುರಿಹೋಗಿ ಬರಿಯ ಕಲೆಕ್ಟರ್ ಉಳಿದನು. ಅದೂ ಎಲ್ಲೆಡೆ ಉಳಿಯಲಿಲ್ಲ. 1953ನೆಯ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುವು, ಬಳ್ಳಾರಿಯು ಮೈಸೂರಿಗೆ ಸೇರಿತು. ಮೈಸೂರಿನಲ್ಲಿ ಕಮಿಷನರರ ಆಡಳಿತಕಾಲದಿಂದ ಬಂದ ಹೆಸರು ಡೆಪ್ಯುಟಿ ಕಮಿಷನರ್ ಎಂಬುದು. ಆದುದರಿಂದ ಬಳ್ಳಾರಿಯಲ್ಲಿರುವ ನಿಮ್ಮ ಸೋದರಮಾವನು “ಡಿ.ಸಿ. ಸಾಹೇಬರಿಗೆ ಅರ್ಜಿ ಕೊಟ್ಟೆ” ಎನ್ನುತ್ತಾನೆ, ಇಲ್ಲಿ ನಿಮ್ಮ ತಂದೆಯು “ಕಲೆಕ್ಟರಿಗೆ ಕೊಟ್ಟೆ” ಎನ್ನುತ್ತಾನೆ. ಕೆಲಸ ಒಂದೇ. ಅರ್ಜಿಯ ಗತಿಯೂ ಬಹುಶಃ ಒಂದೇ.

ಇನ್ನು ‘ಕಲೆಕ್ಟರ್’ ಎಂದರೇನು? ಕೂಡಿಸುವವನು, ವಸೂಲು ಮಾಡುವವನು. ನ್ಯಾಯ ಹೇಳುವವನೆಂದಾಗಲಿ ಪ್ರಜೆಯನ್ನು ಕಾಯುವವನೆಂದಾಗಲಿ ಆ ಶಬ್ದಕ್ಕೆ ಅರ್ಥವಿಲ್ಲ. ಕಂಪೆನಿಯು ವ್ಯಾಪಾರಿಯಾದುದರಿಂದ ಹೀಗೆ ಹೆಸರಿಟ್ಟಿತೆಂದು ಹಳಿಯುವ ಮೊದಲು ನಮ್ಮ ತಹಸೀಲ್ದಾರರನ್ನು ನೋಡಿರಿ. ತಹಸೀಲು ಎಂಬ ಅರಬ್ಬೀ ಮಾತಿಗೂ ವಸೂಲಿ ಎಂದೇ ಅರ್ಥ. ಮುಸಲ್ಮಾನ ದೊರೆಗಳೂ ಇಂಗ್ಲಿಷರೂ, ಒಬ್ಬರನ್ನೊಬ್ಬರು ಕೇಳದೆಯೇ, ಒಂದೇ ಹೆಸರನ್ನು ಇಟ್ಟರು. ರೈತನ ಅಂಗಳಕ್ಕೆ ಸರ್ಕಾರವು ಯಾವುದಕ್ಕಾಗಿ ಬರುತ್ತಿತ್ತೆಂಬುದನ್ನು ಈ ಎರಡು ಶಬ್ದಗಳು ಮರೆಮಾಚದೆ ಹೇಳುತ್ತವೆ.

ಮನ್ರೋ ಆ ಹೆಸರಿಗೆ ತಕ್ಕಂತೆಯೇ ನಡೆದನು. ಪಾಳೆಯಗಾರರನ್ನು ಅಡಗಿಸಿದನು, ಡೇರೆಯಲ್ಲಿ ವಾಸಮಾಡುತ್ತ ಊರೂರು ಸುತ್ತಿದನು, 1802ರಿಂದ ಹೊಲಹೊಲವನ್ನೂ ಅಳೆಯಿಸಿ ಕಂದಾಯ ಗೊತ್ತುಮಾಡಿಸಿದನು. ಏಳು ವರ್ಷಗಳಲ್ಲಿ ಸರ್ಕಾರದ ಹುಟ್ಟುವಳಿಯು ಸುಮಾರು ಅರ್ಧದಷ್ಟು ಹೆಚ್ಚಿತು. ಮಳೆ ನಂಬಲಾಗದ ಈ ನೆಲದಿಂದ ಅಷ್ಟನ್ನು ಎತ್ತುವುದೆಂದರೆ ಏನೆಂಬುದು ಇಲ್ಲಿ ಕುಳಿತಿರುವ ಕೃಷಿಕ ಬಂಧುಗಳಿಗೆ ತಿಳಿಯದುದಲ್ಲ. ಅವನನ್ನು ಬರಿದೇ ದೇವತೆಯಂತೆ ಹೊಗಳುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ, ಅದು ಸರಿಯಲ್ಲ.

ಆದರೆ ಲೆಕ್ಕವು ಅಲ್ಲಿಗೆ ಮುಗಿಯಲಿಲ್ಲ. 1807ನೆಯ ಆಗಸ್ಟಿನಲ್ಲಿ, ಊರಿಗೆ ಹೊರಡುವ ಮೊದಲು, ಅವನೇ ಮೇಲಿನವರಿಗೆ ಬರೆದನು: ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕು, ರೈತನು ಸರ್ಕಾರಕ್ಕೆ ಕೊಟ್ಟ ಮೇಲೂ ಅವನ ಕೈಯಲ್ಲಿ ಏನಾದರೂ ಉಳಿಯಬೇಕು ಎಂದು. ಅಂದರೆ ತಾನೇ ಕಟ್ಟಿದ ಕಂದಾಯವು ಭಾರವೆಂದು ತಾನೇ ಒಪ್ಪಿಕೊಂಡಂತಾಯಿತು. ಮೇಲಿನವರು ಅದನ್ನು ನಡೆಸಲಿಲ್ಲ. ಗ್ರಾಮಗಳನ್ನೇ ಗುತ್ತಿಗೆಗೆ ಕೊಟ್ಟರು. 1820ರಲ್ಲಿ ಮನ್ರೋ ಮದರಾಸಿನ ಗವರ್ನರನಾಗಿ ಬಂದ ಮೇಲೆ ಆ ಇಳಿಕೆ ಜಾರಿಗೆ ಬಂದಿತು. ಪ್ರಿನ್ಸಿಪಲ್ ಕಲೆಕ್ಟರ್ ಬೇಡಿದುದನ್ನು ಕೊಡಲು ಅವನೇ ಗವರ್ನರ್ ಆಗಬೇಕಾಯಿತು. ನಡುವಿನ ಹದಿಮೂರು ವರ್ಷ ನಮ್ಮ ಹಿರಿಯರು ಹೇಗೆ ಕಳೆದರೋ!

1827ರಲ್ಲಿ ಅವನು ದತ್ತಮಂಡಲಗಳನ್ನು ಕಡೆಯ ಸಲ ನೋಡಿಹೋಗಲು ಬಂದನು. ಜುಲೈ 6ರಂದು, ನಮ್ಮ ನೆರೆಯ ಪತ್ತಿಕೊಂಡದಲ್ಲಿ, ಕಾಲರಾ ತಗಲಿ ತೀರಿಕೊಂಡನು. ದೇಹವನ್ನು ಗುತ್ತಿಯಲ್ಲಿ ಮಣ್ಣುಮಾಡಿ ಮುಂದೆ ಮದರಾಸಿಗೆ ಒಯ್ದರು. ಬಹುಕಾಲದವರೆಗೆ ಈ ಸೀಮೆಯ ರೈತರು ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದರು.