ಮಾವಿನ ಬುಟ್ಟಿಯೂ ಅಂಗೈಯ ಸಂತೆಯೂ

ಜಾಹೀರಾತು ಎಂಬುದು ಅರಬ್ಬೀ ಮೂಲದ ಶಬ್ದ. ಬಯಲಾದದ್ದು, ಪ್ರಕಟವಾದದ್ದು ಎಂಬುದು ಆ ಮೂಲದ ಅರ್ಥ. ಸರಕಿನ ಗುಣವನ್ನು ಇದ್ದದ್ದು ಇದ್ದಂತೆ ಬಯಲಿಗೆ ತರುವುದೇ ಜಾಹೀರಾತು. ಇಲ್ಲದ್ದನ್ನು ಇದೆಯೆನ್ನುವುದು ಬೇರೆಯ ಕಸಬು.

ಹಿಂದೆ ಈ ಕೆಲಸಕ್ಕೆ ಡಂಗುರವಿತ್ತು, ಅಂಗಡಿಯ ಹಲಗೆಯಿತ್ತು, ಸಂತೆಯ ಕೂಗಿತ್ತು. 2004ರಲ್ಲಿ ಫೇಸ್‌ಬುಕ್, 2009ರಲ್ಲಿ ವಾಟ್ಸಾಪ್, 2010ರಲ್ಲಿ ಇನ್‌ಸ್ಟಾಗ್ರಾಂ ಹುಟ್ಟಿದವು. ಸಂತೆ ಅಂಗೈಗೇ ಬಂದಿತು. ಇಲ್ಲಿ ಅಂಗಡಿ ಹೂಡಲು ಸುಂಕವಿಲ್ಲ. ಸುಂಕವಿಲ್ಲದ್ದರಿಂದಲೇ ಯೋಜನೆಯೂ ಬೇಡವೆಂದು ಬಹುಮಂದಿ ತಿಳಿಯುತ್ತಾರೆ. ತಪ್ಪುವುದು ಅಲ್ಲಿಯೇ.

ನಮ್ಮ ಅಂಕೋಲೆಯ ಕರಿ ಇಶಾಡ ಮಾವನ್ನೇ ತೆಗೆದುಕೊಳ್ಳಿ. ತೆಳು ಸಿಪ್ಪೆ, ತುಂಬ ತಿರುಳು, ತನ್ನದೇ ಆದ ಪರಿಮಳ. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಹಣ್ಣಾದ ಮೇಲೆ ಇದು ಬಹಳ ದಿನ ನಿಲ್ಲುವುದಿಲ್ಲ. ಮಳೆ ಹಿಡಿದರಂತೂ ಕಥೆ ಮುಗಿದಂತೆಯೇ. ಭಾವಿಕೇರಿಯಲ್ಲಿ ನಾಲ್ಕು ಮರಗಳಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಹಣ್ಣು ಬುಟ್ಟಿಗೆ ಬಂದ ಮೇಲೆ ಮನೆಯ ಹುಡುಗ ಅದರ ಚಿತ್ರ ಹಾಕುತ್ತಾನೆ. ನೂರು ಮಂದಿ ಮೆಚ್ಚುತ್ತಾರೆ, ಇಪ್ಪತ್ತು ಮಂದಿ ಬೆಲೆ ಕೇಳುತ್ತಾರೆ. ಉತ್ತರ ಹೋಗುವಷ್ಟರಲ್ಲಿ ಹಣ್ಣು ಮೆತ್ತಗಾಗಿರುತ್ತದೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ!

ಹಾಗಾದರೆ ಮಾಡಬೇಕಾದುದೇನು? ಮೊದಲು, ಯಾರಿಗೆ ಮಾರುವುದೆಂದು ನಿಶ್ಚಯಿಸಬೇಕು. ಹಿತ್ತಿಲಲ್ಲೇ ಮರವಿರುವ ನೆರೆಯವರಿಗೆ ಇದನ್ನು ಸಾರಿ ಫಲವೇನು? ಈ ರುಚಿಯನ್ನು ಬಲ್ಲ, ಆದರೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನೆಲಸಿರುವ ಮನೆಗಳಿಗೆ ಸುದ್ದಿ ಮುಟ್ಟಬೇಕು. ಅಂಥವರ ಪಟ್ಟಿ ಮಾಡಿ, ಒಪ್ಪಿದವರಿಗಷ್ಟೇ ವಾಟ್ಸಾಪಿನಲ್ಲಿ ತಿಳಿಸಬಹುದು. ಅಲ್ಲೊಂದು ನಿಯಮವುಂಟು: ಒಮ್ಮೆಗೇ ಹಲವರಿಗೆ ಪಟ್ಟಿಯ ಮೂಲಕ ಕಳುಹಿಸುವ ಓಲೆ, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡವರಿಗೆ ಮಾತ್ರ ತಲುಪುತ್ತದೆ. ಎಂದರೆ ಪರಿಚಯ ಮೊದಲು, ಪ್ರಚಾರ ಆಮೇಲೆ.

ಎರಡನೆಯದು ಕಾಲ. ಮರ ಹೂ ಬಿಟ್ಟಾಗ ಒಂದು ಚಿತ್ರ, ಮಿಡಿ ಕಚ್ಚಿದಾಗ ಇನ್ನೊಂದು. ಕಾಯಿ ಬಲಿಯುವ ಹೊತ್ತಿಗೆ ಫಸಲನ್ನು ಅಂದಾಜು ಮಾಡಿ, ಅದಕ್ಕಿಂತ ಸ್ವಲ್ಪ ಕಡಿಮೆಯೇ ಬೇಡಿಕೆ ಹಿಡಿಯಬೇಕು. ಅರಬೈಲು ಘಟ್ಟ ಹತ್ತಿ ಹೋಗುವ ಬುಟ್ಟಿ ಯಾವ ದಿನ ಹೊರಡುತ್ತದೆ, ಯಾವ ದಿನ ಮುಟ್ಟುತ್ತದೆ ಎಂಬುದು ಕೀಳುವ ಮೊದಲೇ ಗೊತ್ತಿರಬೇಕು.

ಮೂರನೆಯದು ಹೇಳುವ ಮಾತು. ಹಗಲು ಬೆಳಕಿನಲ್ಲಿ ತೆಗೆದ ಚಿತ್ರ, ತೂಕ, ಬೆಲೆ, ಸಾಗಾಟದ ಖರ್ಚು, ತಿನ್ನಲು ಹದವಾಗುವ ದಿನ, ಹಣ್ಣು ಕೆಟ್ಟು ಬಂದರೆ ನೀವು ಕೊಡುವ ಪರಿಹಾರ, ಇಷ್ಟು ಸಾಕು. ಮಾತು ಬಲ್ಲವನಿಗೆ ಜಗಳವಿಲ್ಲವಷ್ಟೆ. ಕೇಳಿದವರಿಗೆ ಅಂದೇ ಉತ್ತರ ಕೊಡುವವರು ಮನೆಯಲ್ಲಿ ಯಾರೆಂಬುದನ್ನೂ ಗೊತ್ತುಮಾಡಿರಿ. ವ್ಯಾಪಾರಿಗಳಿಗೆಂದೇ 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ಹೊಸ ಗಿರಾಕಿ, ಹಣ ಬಾಕಿ, ಹಣ ಸಂದಿದೆ ಎಂದು ಗುರುತು ಹಚ್ಚುವ ಅನುಕೂಲವಿದೆ. ಅದು ನಮ್ಮ ಹಳೆಯ ಖಾತೆ ಪುಸ್ತಕದ ಮೊಮ್ಮಗುವೆನ್ನಿ.

ನಾಲ್ಕನೆಯದು ಲೆಕ್ಕ. ಎಷ್ಟು ಮಂದಿ ನೋಡಿದರು, ಎಷ್ಟು ಮಂದಿ ಕೇಳಿದರು, ಎಷ್ಟು ಮಂದಿ ಕೊಂಡರು ಎಂದು ಮೂರು ಸಾಲಾಗಿ ಬರೆದಿಡಿ. ಮೆಚ್ಚುಗೆಯ ಗುರುತಿನಿಂದ ಒಲೆ ಉರಿಯುವುದಿಲ್ಲ. ಎರಡು ಸಾವಿರ ಮಂದಿ ನೋಡಿ ಇಬ್ಬರು ಕೊಂಡದ್ದಕ್ಕಿಂತ, ನಲವತ್ತು ಮಂದಿ ನೋಡಿ ಹತ್ತು ಮಂದಿ ಕೊಂಡದ್ದು ಲೇಸು. ಹಣ ಕೊಟ್ಟು ಪ್ರಚಾರ ಮಾಡುವುದಿದ್ದರೆ ಈ ಲೆಕ್ಕ ಕೈಗೆ ಬಂದ ಮೇಲೆ ಮಾಡಿ. ಆಗಲೂ ಬುಟ್ಟಿ ಕಳುಹಿಸಬಲ್ಲ ಊರುಗಳಿಗಷ್ಟೇ ಮಾಡಿ.

ಕೊನೆಯದಾಗಿ ಎಲ್ಲಕ್ಕಿಂತ ದೊಡ್ಡ ಮಾತು. ಕರಿ ಇಶಾಡವೆಂಬ ಹೆಸರು ಒಬ್ಬರ ಆಸ್ತಿಯಲ್ಲ. ಅಂಕೋಲೆಯ ನೆಲಕ್ಕೆ ಸೇರಿದ್ದು. 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಪ್ರಕಾರ ಬೇರೆ ಹಣ್ಣಿಗೆ ಈ ಹೆಸರು ಹಚ್ಚುವುದು ಅಪರಾಧ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೂ ದಂಡ ವಿಧಿಸಬಹುದು. ದಂಡಕ್ಕಿಂತ ಮಿಗಿಲಾದದ್ದು ಹೆಸರಿನ ನಷ್ಟ. ಒಬ್ಬನು ಕಳುಹಿಸಿದ ಹುಸಿ ಬುಟ್ಟಿಗೆ, ರಸ್ತೆಯ ಬದಿಯಲ್ಲಿ ಬಿಸಿಲಿಗೆ ಕುಳಿತು ನಿಜವಾದ ಹಣ್ಣು ಮಾರುವ ತಾಯಂದಿರು ಬೆಲೆ ತೆರಬೇಕಾಗುತ್ತದೆ.

ಕೊಳ್ಳುವ ನಿಮಗೂ ಇಲ್ಲಿ ಹೊಣೆಯುಂಟು. ಯಾವ ಊರಿನ ಮರ, ಎಂದು ಕೊಯ್ದದ್ದು, ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದ್ದೋ, ಕಾನೂನು ನಿಷೇಧಿಸಿರುವ ಕಾರ್ಬೈಡ್ ಹಾಕಿದ್ದೋ ಎಂದು ಕೇಳಿರಿ. ನಿಜವಾಗಿ ಬೆಳೆದವರು ಬೇಸರಿಸದೆ ಹೇಳುತ್ತಾರೆ. ಹಣ್ಣು ಚೆನ್ನಾಗಿದ್ದರೆ ನಾಲ್ಕು ಮಂದಿಗೆ ತಿಳಿಸಿರಿ. ಕೆಟ್ಟಿದ್ದರೆ ಮೊದಲು ಕಳುಹಿಸಿದವರಿಗೇ ತಿಳಿಸಿರಿ. ಮಾರುವವರ ಮಾತು ಬುಟ್ಟಿಯಷ್ಟೇ ಇರಲಿ, ಬುಟ್ಟಿ ಮಾತಿನಷ್ಟೇ ಇರಲಿ. ಅಂಗೈಯ ಸಂತೆ ಉಳಿಯುವುದು ಅದರಿಂದಲೇ.